ತೂಕದ ಸುಳ್ಳು

“ತೂಕ ನೂರಮೂವತ್ತು ಪೌಂಡು. ಹಾಗೇ ಇರ್ಲಾ, ಲಾರ್ನಾ ಮೇಡಂ?” ಡ್ರೈವಿಂಗ್ ಲೈಸೆನ್ಸ್ ಕೌಂಟರಿನ ಟ್ರೂಡಿ ಕೇಳಿದಳು.

ನಲವತ್ತು ವರ್ಷದಿಂದ, ಲೈಸೆನ್ಸ್ ಹೊಸದು ಮಾಡಿಸುವಾಗಲೆಲ್ಲ ಲಾರ್ನಾ ಹೇಳುತ್ತ ಬಂದ ಸುಳ್ಳು ಅದು. ಕಾರ್ಡಿನ ಮೇಲೆ ತೂಕವನ್ನೂ ಬರೆಯುತ್ತಾರೆ, ಆದರೆ ಇಲ್ಲಿ ಯಾರೂ ತೂಗಿ ನೋಡುವುದಿಲ್ಲವಲ್ಲ! ಹಿಂದೆ ನಿಂತ ಗಂಡ ಡೆಲ್ಬರ್ಟ್ ಮಾತ್ರ ಪ್ರತಿ ಸಲ ಬೇಕೆಂದೇ ಕೆಮ್ಮುತ್ತಿದ್ದ. ಇವತ್ತು ಕೆಮ್ಮಲಿಲ್ಲ. ಲಾರ್ನಾ ಕ್ಯಾನ್ಸರ್ ಗೆದ್ದು ಎದ್ದ ಈ ಚಳಿಗಾಲದಲ್ಲಿ ಮೈ ಇಳಿದು ಆ ಸುಳ್ಳು ನಿಜವಾಗಿಬಿಟ್ಟಿತ್ತು. ಅವಳ ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಟ್ಟವನು ಅವನೇ.

ಲಾರ್ನಾ ಆ ತೂತುಗಳನ್ನು ಬೆರಳಿನಿಂದ ಸವರಿದಳು. “ಈ ಕಾರ್ಡು ಎಷ್ಟು ವರ್ಷಕ್ಕೆ?”

“ಐದು ವರ್ಷಕ್ಕೆ.”

“ಹಾಗಾದ್ರೆ ನೂರೆಪ್ಪತ್ತು ಅಂತ ಬರ್ಕೊಳ್ಳಮ್ಮ. ಇವನು ಮಾಡೋ ಸೇಬಿನ ಪೈ ತಿಂದು ಅಷ್ಟರೊಳಗೆ ಅಷ್ಟಾಗ್ತೀನಿ.”

ಹಿಂದೆ ಡೆಲ್ಬರ್ಟ್ ಜೋರಾಗಿ ಕೆಮ್ಮಿದ.