ಗಂಟಲು ಕಟ್ಟಿದ ಸದಸ್ಯರ ಭಾಷಣ

‘ಎಣ್ಣೆ ಸೋರಿದ್ದಕ್ಕೆ ಯಾರೂ ಹೊಣೆಯಲ್ಲ, ಹೀರಿಕೊಳ್ಳುವುದು ಮಣ್ಣಿನ ಸ್ವಭಾವ. ಇಲ್ಲಿ ಕೊಂಚ ಗದ್ಗದಿತರಾಗಿ.’

ಗುಮಾಸ್ತೆ ಅಷ್ಟನ್ನೂ ಒಂದೇ ಉಸಿರಿಗೆ ಓದಿದಳು. ಸಮಿತಿಯ ಕೊಠಡಿಯಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು.

ಸದಸ್ಯರ ಗಂಟಲು ಕಟ್ಟಿತ್ತು. ಅಂಥವರ ಭಾಷಣವನ್ನು ಗುಮಾಸ್ತೆ ಓದುವುದು ಅಲ್ಲಿನ ಪದ್ಧತಿ. ತೈಲ ಕಂಪನಿಗಳ ಒಕ್ಕೂಟ ಬರೆದುಕೊಟ್ಟ ಕಾಗದವನ್ನು ಅವರು ಮಡಿಕೆಯನ್ನೂ ಬಿಚ್ಚದೆ ಅವಳ ಕೈಗಿತ್ತಿದ್ದರು. ಎಣ್ಣೆ ಸೋರಿದ ಡಿಪೋ ಪಕ್ಕದ ಬೀದಿಯ ಬಾವಿಗಳನ್ನು ಕಂಪನಿ ಶುಚಿ ಮಾಡಿಕೊಡಬೇಕೋ ಬೇಡವೋ, ಇವತ್ತೇ ತೀರ್ಮಾನ. ಆ ಬೀದಿಯವರು ಬಾವಿನೀರಿನ ಬಾಟಲಿ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರಲ್ಲಿ ಗುಮಾಸ್ತೆಯ ಚಿಕ್ಕಮ್ಮನೂ ಒಬ್ಬಳು.

‘ಏನಮ್ಮಾ, ಅದನ್ನೆಲ್ಲ ಯಾಕೆ ಓದ್ತೀಯಾ?’ ಸದಸ್ಯರು ಗೊಗ್ಗರು ದನಿಯಲ್ಲಿ ಗದರಿದರು.

‘ಕಾಗದದಲ್ಲಿ ಇರೋದನ್ನ ಒಂದಕ್ಷರ ಬಿಡೋ ಹಾಗಿಲ್ಲ ಸಾರ್. ಬುದ್ಧಿ ನಿಮ್ಮದು, ನಂದು ಬರೀ ಬಾಯಿ.’

‘ಮುಂದೆ ಓದಿ,’ ಎಂದರು ಅಧ್ಯಕ್ಷೆ.

ಈ ಸಲ ಗುಮಾಸ್ತೆಯ ದನಿಯೇ ಬದಲಾಗಿತ್ತು. ಗೋಡೆಗೊರಗಿ ನಿಂತಿದ್ದ ಒಕ್ಕೂಟದ ಮನುಷ್ಯನ ದನಿ ಅದು: ಬೆಣ್ಣೆಯಲ್ಲಿ ಕೂದಲು ತೆಗೆದಂಥದ್ದು. ಕಚೇರಿಯವರೆಲ್ಲ ಅವನನ್ನು ಎಣ್ಣೆಯಣ್ಣ ಎನ್ನುತ್ತಿದ್ದರು. ‘ಆ ಬೀದಿಯವರು ನನ್ನ ಅಕ್ಕತಂಗಿಯರಿದ್ದಂತೆ ಎನ್ನಿ. ಯಾರಾದರೂ ಮೇಲೆಮೇಲೆ ಪ್ರಶ್ನೆ ಕೇಳಿದರೆ ನೀರು ಕುಡಿಯಿರಿ.’

ಚಿಕ್ಕಮ್ಮ ಎದ್ದು ಸದಸ್ಯರತ್ತ ಬಾಟಲಿ ಚಾಚಿದಳು. ‘ತಗೊಳ್ಳಿ ಅಣ್ಣಾ, ನಮ್ಮನೇದೇ. ಹೊಟ್ಟೆ ತುಂಬ ಕುಡೀರಿ!’

ಬೆಂಚು ಘೊಳ್ಳೆಂದಿತು. ಎಣ್ಣೆಯಣ್ಣ ಮುಂದೆ ನುಗ್ಗಿದ. ಬೆಣ್ಣೆ ಕರಗಿಹೋಗಿತ್ತು. ‘ಮೇಡಂ, ಇದೆಲ್ಲ ಕಡತದಿಂದ ತೆಗೆಸಿ! ಏಯ್, ನಾಳೆ ನಿನ್ನ ಕುರ್ಚಿ ಇರಲ್ಲ, ನೋಡ್ಕೋ!’

‘ಕುರ್ಚಿ ಎಲ್ಲಿದೆ ಅಣ್ಣಾ? ಹನ್ನೊಂದು ವರ್ಷದಿಂದ ನಿಂತ್ಕೊಂಡೇ ಓದ್ತಿದೀನಿ.’

ಅಧ್ಯಕ್ಷೆ ಒಮ್ಮೆ ಎಣ್ಣೆಯಣ್ಣನನ್ನು, ಒಮ್ಮೆ ಬೆಂಚನ್ನು ನೋಡಿದರು. ನಿಟ್ಟುಸಿರಿಟ್ಟರು. ‘ತೆಗೆದುಬಿಡಿಯಮ್ಮಾ.’

‘ಆಗಲಿ ಮೇಡಂ. ಆದ್ರೆ ಯಾವ ಸಾಲು ತೆಗೀತಿದೀವಿ ಅಂತ ಎಲ್ಲರಿಗೂ ಕೇಳೋ ಹಾಗೆ ಮೊದಲು ಓದ್ಬೇಕು. ನಿಯಮ.’

ಅವಳು ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು. ಬಾಗಿಲ ಬಳಿ ತೂಕಡಿಸುತ್ತಿದ್ದ ವರದಿಗಾರ ಪೆನ್ನಿನ ಮುಚ್ಚಳ ತೆಗೆದ.