ತಲೆ ತೂತು ರೋಗಕ್ಕೆ ಆರು ಚೀಟಿ

ಆರನೆಯ ಶನಿವಾರವೂ ನಳಿಕೆಯಲ್ಲಿದ್ದ ನೀರು ಕೆಂಪಗೇ ತಿರುಗಿತು.

ಅಕ್ವೇರಿಯಂ ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದ. ಬಣ್ಣದ ಪಟ್ಟಿಯ ಪಕ್ಕ ಇಟ್ಟ. ನಂಬಿಕೆ ಬರದೆ ಮತ್ತೊಮ್ಮೆ ಇಟ್ಟ. ಹಳದಿ ಬಂದರೆ ಮೀನು ಸುಖಿ. ಕಿತ್ತಳೆ ಬಂದರೆ ಎಚ್ಚರ. ಕೆಂಪೆಂದರೆ ನೈಟ್ರೇಟ್ ಎಂಬತ್ತು. ಹೀಗೇ ಬಿಟ್ಟರೆ ಮೀನು ಕೈಬಿಟ್ಟು ಹೋದ ಹಾಗೆ.

“ಅಷ್ಟೇನಾ?” ಎಂದಳು ಕೌಂಟರಿನಾಚೆ ನಿಂತ ಹೆಂಗಸು.

“ಅಷ್ಟೇ. ಒಂಚೂರೂ ಇಳಿದಿಲ್ಲ.”

“ಹಾಗಾದ್ರೆ ಬರ್ಕೊಡಿ ಅಣ್ಣ. ತಾರೀಕು ಹಾಕಿ. ಸೀಲು ಮರೀಬೇಡಿ.”

ಈ ಸೀಲೇ ಅವನ ನೆಮ್ಮದಿ ಕೆಡಿಸಿತ್ತು.

ಮೊದಲ ಶನಿವಾರ ಬಂದಾಗ ಅವಳು ‘ಮೀನಿನ ನೀರು ಮಾತ್ರ ಉಚಿತವಾಗಿ ಪರೀಕ್ಷಿಸಲಾಗುವುದು’ ಎಂಬ ಬೋರ್ಡನ್ನೂ ಪಕ್ಕದಲ್ಲಿದ್ದ ಮೀನು ರೋಗಗಳ ಪಟವನ್ನೂ ಓದುತ್ತ ತುಂಬ ಹೊತ್ತು ನಿಂತಿದ್ದಳು. ಆಮೇಲೆ ಬಾಟಲಿ ಮುಂದಿಟ್ಟು, “ತಲೆ ತೂತು ರೋಗ” ಎಂದಳು. ಕಣ್ಣಿನ ಮೇಲೆ ಸೂಜಿ ಚುಚ್ಚಿದಷ್ಟು ಕುಳಿ, ದಿನ ಕಳೆದಂತೆ ಅಗಲ, ಪಟದಲ್ಲಿ ಬರೆದ ಹಾಗೆಯೇ ಒಪ್ಪಿಸಿದಳು. ಯಾವ ಮೀನು ಎಂದು ಕೇಳಿದರೆ ಎದುರಿನ ತೊಟ್ಟಿಯ ಕಡೆ ಬೆರಳು ತೋರಿಸಿ, “ಇದೇ ಥರ” ಎಂದಳು.

ಅವನಿಗೆ ಖುಷಿಯೇ ಆಗಿತ್ತು. ಜನ ಸಾಮಾನ್ಯವಾಗಿ ಮೀನಿನ ತಲೆಯಲ್ಲಿ ಕಡಲೆಕಾಳು ಕೂರುವಷ್ಟು ಗುಂಡಿ ಬಿದ್ದ ಮೇಲೆ ಬರುತ್ತಾರೆ. ಈ ರೋಗಕ್ಕೆ ಅರ್ಧ ಔಷಧಿ ಒಳ್ಳೆಯ ನೀರೇ ಎಂದು ವಿವರಿಸಿದ. ದಿನ ಬಿಟ್ಟು ದಿನ ಮೂರರಲ್ಲೊಂದು ಪಾಲು ಬದಲಾಯಿಸಿ ಎಂದ.

ಎರಡನೆಯ ವಾರ ಕೇಳಿದ: “ನೀರು ಬದಲಾಯಿಸಿದ್ರಾ?”

“ಕ್ಯಾನುಗಟ್ಟಲೆ ಹೊರಗಿಂದ ಹೊತ್ತು ತರ್ತಿದ್ದೀನಿ ಅಣ್ಣ. ಭುಜ ಬಿದ್ದುಹೋಗಿದೆ.”

ಬಾಟಲಿಯ ನೀರು ಮಾತ್ರ ಎಂಬತ್ತು. ಹೊಸ ನೀರು ಹಾಕಿದ ಮೇಲೆ ಬಣ್ಣ ಇಳಿಯಲೇಬೇಕು. ಅವಳು ಸುಳ್ಳು ಹೇಳುತ್ತಿರಬೇಕು, ಇಲ್ಲವೇ ತನ್ನ ಪರೀಕ್ಷೆಯೇ ತಪ್ಪಿರಬೇಕು. ಪರೀಕ್ಷೆಗೆ ನೀರಿಗೆ ಬೆರೆಸುವ ಎರಡನೆಯ ಸೀಸೆಯ ದ್ರಾವಣವನ್ನು ಅರ್ಧ ನಿಮಿಷ ಕುಲುಕಬೇಕೆಂದು ಡಬ್ಬಿಯ ಮೇಲಿತ್ತು. ಅವನು ಒಂದೂವರೆ ನಿಮಿಷ ಕುಲುಕಿದ. ಅನುಮಾನಕ್ಕೆ ತನ್ನ ತೊಟ್ಟಿಯ ನೀರನ್ನೂ ನೋಡಿದ. ಹಳದಿ.

ಮೂರನೆಯ ವಾರ ಅವಳೇ ಕೇಳಿದಳು. “ದೊಡ್ಡವು ತಡ್ಕೊಳ್ತವೆ ಅಂದ್ರಿ. ಮರಿಗಳು?”

“ಮರಿಗಳಿಗೇ ಮೊದ್ಲು ಏಟು.”

ಅವಳ ಮುಖ ಸುಣ್ಣದಂತಾಯಿತು. “ಅದನ್ನೂ ಚೀಟೀಲಿ ಬರೀರಿ.”

ಅಂದಿನಿಂದ ಸೀಲು ಶುರುವಾಯಿತು. ಹಿಂದಿನ ಚೀಟಿಗಳಿಗೂ ಹಾಕಿಸಿಕೊಂಡಳು.

ಐದನೆಯ ವಾರ ಅವನಿಗೆ ತಡೆಯಲಾಗಲಿಲ್ಲ. “ನಾನೇ ಮನೇಗೆ ಬಂದು ನೋಡ್ತೀನಮ್ಮ. ಇವತ್ತು ಮಧ್ಯಾಹ್ನ ಬರ್ಲಾ?”

“ಬೇಡ ಅಣ್ಣ. ಆಗ ಮಲಗಿರ್ತವೆ. ಹೊಸಬರನ್ನ ಕಂಡ್ರೆ ಗಲಾಟೆ ಬೇರೆ.”

ಮೀನು ಗಲಾಟೆ ಮಾಡಿದ್ದನ್ನು ಹದಿನೆಂಟು ವರ್ಷಗಳ ವ್ಯಾಪಾರದಲ್ಲಿ ಅವನು ಕಂಡಿರಲಿಲ್ಲ.

“ನಿಮ್ಮ ಮೇಲೆ ಕಂಪ್ಲೇಂಟು ಕೊಡೋಕೆ ಕಾಗದ ಕೂಡಿಸ್ತಿದ್ದಾಳೆ ಕಣ್ರೀ,” ಎಂದಳು ಹೆಂಡತಿ, ಮೀನಿನ ತಿಂಡಿಯ ಪೊಟ್ಟಣ ಕಟ್ಟುತ್ತ. “ಸೊಪ್ಪು ಹಾಕ್ಬೇಡಿ ಅಂದ್ರೆ ಸೀಲೇ ಹಾಕ್ಕೊಡ್ತೀರಲ್ಲ.”

“ನಾನೇನು ತಪ್ಪು ಹೇಳ್ದೆ?”

“ಮೀನು ಸತ್ತ ದಿನ ಗೊತ್ತಾಗುತ್ತೆ. ಡಾಕ್ಟ್ರು ಹೇಳಿದ ಹಾಗೇ ಮಾಡ್ದೆ ಅಂತಾಳೆ. ಊರೆಲ್ಲ ನಿಮ್ಮನ್ನ ಡಾಕ್ಟ್ರು ಅಂದಾಗ ಉಬ್ಬಿದ್ರಲ್ಲ, ಈಗ ಅನುಭವಿಸಿ.”

ಆರನೆಯ ಚೀಟಿ ಹೋದ ಹತ್ತು ದಿನಕ್ಕೆ ನಗರಸಭೆಯಿಂದ ಕಾಗದ ಬಂತು. ಅಂಗಡಿಯ ಲೈಸೆನ್ಸು ಕೊಡುವುದೂ, ಕಿತ್ತುಕೊಳ್ಳುವುದೂ ಅದೇ ಕಚೇರಿ. ‘ತಾವು ನೀಡಿದ ಆರು ಚೀಟಿಗಳ ವಿಚಾರವಾಗಿ ಬುಧವಾರ ಹನ್ನೊಂದು ಗಂಟೆಗೆ ಖುದ್ದು ಹಾಜರಾಗತಕ್ಕದ್ದು.’

ಹೆಂಡತಿ ತಮಾಷೆ ನಿಲ್ಲಿಸಿದಳು. ಬುಧವಾರ ಇಸ್ತ್ರಿ ಮಾಡಿದ ಅಂಗಿ ಕೊಟ್ಟು, “ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಸುಮ್ಸುಮ್ನೆ ಹೆಗಲು ಮುಟ್ಟಿ ನೋಡ್ಕೋಬೇಡಿ,” ಎಂದಳು.

ಕಚೇರಿಯ ಕೋಣೆಯಲ್ಲಿ ಅವಳು ಆಗಲೇ ಕೂತಿದ್ದಳು. ಇನ್ನೊಂದು ಮೂಲೆಯಲ್ಲಿ ಬಿಳಿ ಅಂಗಿಯ ದಪ್ಪ ಮನುಷ್ಯ, ತೊಡೆಯ ಮೇಲೆ ಫೈಲು. ವಕೀಲನನ್ನೂ ಕರೆತಂದಿದ್ದಾಳೆ. ಹಾಗೆಂದುಕೊಂಡು ಅಂಗಡಿಯವನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ.

ಅಧಿಕಾರಿಣಿ ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. “ಇವು ನಿಮ್ಮವೇನಾ?”

“ನನ್ನವೇ ಮೇಡಂ. ಆದ್ರೆ ನೀರು ಬದಲಾಯಿಸಿ ಅಂತ ಮೊದಲನೇ ದಿನಾನೇ ಹೇಳಿದ್ದೆ.”

ಹೆಗಲು ಮುಟ್ಟಿಕೊಂಡಾಗಿತ್ತು.

“ಇವನ್ನ ನೋಡಿದ ಮೇಲೆ ನಾವೂ ಆ ನೀರು ತರಿಸಿ ಪರೀಕ್ಷೆ ಮಾಡಿಸಿದ್ವಿ. ನಿಮ್ಮ ಎಂಬತ್ತು ಸರಿಯಾಗೇ ಇದೆ. ಈಗ ಒಂದೇ ಪ್ರಶ್ನೆ. ಈ ನೀರಲ್ಲಿ ಮೀನು ಬಾಳುತ್ತಾ?”

ಬಾಳುತ್ತೆ ಎಂದರೆ ಬಚಾವು; ಮೀನಿಗೆ ಏನಾದರೂ ಆಗಿದ್ದರೆ ಅದು ಅವಳ ಹಣೆಬರಹ. ಬಾಳಲ್ಲ ಎಂದರೆ, ಗೊತ್ತಿದ್ದೂ ಆರು ವಾರ ಚೀಟಿ ಬರೆಯುತ್ತ ಕೂತವನು ತಾನು. ಬಿಳಿ ಅಂಗಿಯವನು ಪೆನ್ನಿನ ಕ್ಯಾಪು ತೆಗೆದ.

ಅಂಗಡಿಯವನು ಚೀಟಿಗಳ ಮೇಲೆ ಬೆರಳಿಟ್ಟ. “ಇಲ್ಲ ಮೇಡಂ. ದೊಡ್ಡವು ನಾಲ್ಕು ದಿನ ಏಗ್ಬಹುದು. ಮರಿಗಳು ಬಾಳಲ್ಲ. ನಾನಾದ್ರೆ ನನ್ನ ತೊಟ್ಟಿಗೆ ಒಂದು ಲೋಟಾನೂ ಹಾಕಲ್ಲ. ಲೈಸೆನ್ಸು ಹೋದ್ರೂ ಇದೇ ಮಾತು.”

ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಧಿಕಾರಿಣಿ ಕುರ್ಚಿ ತಿರುಗಿಸಿ ಬಿಳಿ ಅಂಗಿಯವನನ್ನು ನೋಡಿದರು.

“ಕೇಳಿಸ್ಕೊಂಡ್ರಾ, ಕಟ್ಟಡದ ಮಾಲೀಕ್ರೇ? ಇನ್ನು ನೀವು ಹೇಳಿ. ನಿಮ್ಮ ಬೋರ್‌ವೆಲ್ ನೀರಲ್ಲಿ ಈಯಮ್ಮನ ಶಿಶುವಿಹಾರದ ಎಳೆ ಮಕ್ಕಳಿಗೆ ಹಾಲಿನ ಪುಡಿ ಕಲಸಿ ಕುಡಿಸ್ಬಹುದು ಅಂತ ಯಾವ ಧೈರ್ಯದ ಮೇಲೆ ಬರ್ಕೊಟ್ರಿ?”