ಎರಡನೆಯ ಬ್ರೇಕು

ಕಾರು ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಹಾಲಿನ ವ್ಯಾನಿನವನು ಹಾರನ್ ಬಾರಿಸಿ, ಬಾಯಿಗೆ ಬಂದದ್ದು ಅಂದು, ಪಕ್ಕದಿಂದ ಮುಂದೆ ಹೋದ.

"ಅಪ್ಪಾ! ಮತ್ತೆ ನೀವೇ ತುಳಿದ್ರಿ!" ಸ್ಟಿಯರಿಂಗ್ ಹಿಡಿದಿದ್ದ ಮಗಳ ಮುಖ ಕೆಂಪೇರಿತ್ತು.

"ನಾಯಿ ಅಡ್ಡ ಬಂತಲ್ಲಮ್ಮ."

"ಎಲ್ಲಿ ಅಡ್ಡ ಬಂತು? ಫುಟ್‌ಪಾತ್ ಮೇಲೆ ಮಲಗಿದೆ!"

ಪಕ್ಕದಲ್ಲಿ ಕೂತಿದ್ದ ಅಪ್ಪ, ಊರಿನ ಡ್ರೈವಿಂಗ್ ಮೇಷ್ಟ್ರು, ಇಣುಕಿದರು. ನಿಜವೇ, ಪಾಪದ್ದು ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕಿರುತ್ತದೆ. ಊರಿನ ಅರ್ಧ ಜನಕ್ಕೆ ಕಲಿಸಿದ ಈ ಮನುಷ್ಯ, ಜೀವ ಬಾಯಿಗೆ ಬಂದರೂ ಕೊನೇ ಗಳಿಗೆಯವರೆಗೆ ಅದನ್ನು ಮುಟ್ಟಿದವರಲ್ಲ. ಮಗಳು ಓಡಿಸುವಾಗ ಮಾತ್ರ ಆ ಕಾಲಿಗೆ ಯಾವ ದೆವ್ವ ಹೊಗುತ್ತಿತ್ತೋ!

"ನಾಳೆ ಪರೀಕ್ಷೆ ಬೇಡ ಪುಟ್ಟಿ. ಇನ್ನೊಂದು ತಿಂಗಳು ಹೋಗ್ಲಿ."

"ಹೋದ ತಿಂಗಳೂ ಇದನ್ನೇ ಅಂದ್ರಿ. ಲೈಸೆನ್ಸ್ ಇಲ್ದೆ ಹೋದ್ರೆ ಆಂಬುಲೆನ್ಸ್ ಡ್ರೈವರ್ ತರಬೇತಿಗೆ ನನ್ನ ಸೇರಿಸ್ಕೊಳ್ಳಲ್ಲ, ಗೊತ್ತಲ್ಲ?" ಅವಳು ಅವರತ್ತ ತಿರುಗಿದಳು. "ನಿಜ ಹೇಳಿ, ಬೇರೆಯವರು ಹೀಗೆ ಓಡಿಸಿದ್ರೆ ಏನಂತಿದ್ರಿ?"

"ಶಭಾಷ್ ಅಂತಿದ್ದೆ."

"ಮತ್ತೆ ನಂಗೆ?"

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸತೊಡಗಿದರು. "ತಲೆಗೆಲ್ಲಾ ಗೊತ್ತು ಕಣಮ್ಮ. ಕಾಲಿಗೆ ಭಯ." ಒರೆಸಿದ್ದನ್ನೇ ಮತ್ತೆ ಒರೆಸಿದರು. "ಅದೂ ಪೂರ್ತಿ ನಿಜ ಅಲ್ಲ. ನೀನು ಪಾಸಾದ್ರೆ ಈ ಪಾಠ ಮುಗೀತು. ಮನೇಲಿ ನಿಂಗೆ ಫೋನು, ನಂಗೆ ಪೇಪರು. ಇಲ್ಲಿ ಜಗಳಕ್ಕಾದ್ರೂ ನನ್ನ ಜೊತೆ ಮಾತಾಡ್ತೀಯ. ಅದು ಬೇಕು ಅನ್ಸತ್ತೆ ನಂಗೆ."

"ಅಯ್ಯೋ ಅಪ್ಪಾ... ಬಾಯ್ಬಿಟ್ಟು ಹೇಳೋದಲ್ವಾ ಇದನ್ನ?" ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮೇಷ್ಟ್ರು ಬಾಗಿಲು ತೆಗೆದು ಇಳಿದರು. ಸಿಟ್ಟಾದರೇನೋ ಎಂದುಕೊಂಡಳು ಮಗಳು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಆ ಕಾರಿನ ಹಿಂದಿನ ಸೀಟಿನಲ್ಲಿ ಒಂದು ದಿನವೂ ಕೂತವರಲ್ಲ ಅವರು. ಮಂಡಿ ಎಲ್ಲಿಡಬೇಕೆಂದೇ ತಿಳಿಯದೆ ಒದ್ದಾಡಿ, ಹೇಗೋ ಮುದುರಿಕೊಂಡು ಕೂತರು.

"ಅಲ್ಯಾಕಪ್ಪಾ?"

"ಮುಂದೆ ಕೂತ್ರೆ ಕಾಲು ನನ್ನ ಮಾತು ಕೇಳಲ್ಲ. ಇಲ್ಲಿಂದ ಬರೀ ಮಾತಾಡ್ತೀನಿ, ನೀನು ಓಡ್ಸು. ನಾಳೆ ಪರೀಕ್ಷೆಗೂ ಹೋಗು." ಕನ್ನಡಿಯಲ್ಲಿ ಮಗಳ ಕಣ್ಣು ಕಂಡಾಗ ಮೆಲ್ಲಗೆ ಸೇರಿಸಿದರು, "ಈಗ ಮನೆಗೆ ಸುತ್ತಿನ ದಾರೀಲೇ ಹೋಗಮ್ಮ."